ಸಂತ ಜೋಸೆಫ್ ವಾಜ್: ಒಂದು ಪವಾಡ, ಒಂದು ಶುಶ್ರೂಷೆ

ಚೋರ್ಲಾ ಘಟ್ಟವಿಳಿದು ಸತ್ತರಿಯಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೆಲ್ಲರೂ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬವನ್ನು ಬಲ್ಲರು. ಆದರೆ ಗೋವೆಯಲ್ಲಿಯೇ ಹುಟ್ಟಿ, ಕನ್ನಡ ಕರಾವಳಿಯಲ್ಲಿ ಸೇವೆಗೈದ ಸಂತ ಜೋಸೆಫ್ ವಾಜರು ಅವರಿಗೆ ಅಷ್ಟು ಪರಿಚಿತರಲ್ಲ. ಶತಮಾನೋತ್ಸವದ ಈ ಸಂದರ್ಭದಲ್ಲಿ ಆ ಮಹನೀಯರನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ವಾಜರು 1651ರ ಏಪ್ರಿಲ್ 21ರಂದು ಸಾಸಷ್ಟಿಯ ಬಾಣಾವಲಿಯಲ್ಲಿ ಜನಿಸಿದರು. 1681ರಿಂದ 1684ರವರೆಗೆ, ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯ ಕಾಲದಲ್ಲಿ, ಬಸರೂರು, ಕುಂದಾಪುರ, ಗಂಗೊಳ್ಳಿ, ಮಂಗಳೂರುಗಳ ಕ್ರೈಸ್ತರ ನಡುವೆ ಸಂಚರಿಸಿದರು. 1687ರಲ್ಲಿ, ಡಚ್ಚರು ಕ್ಯಾಥೋಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದ ಸಿಂಹಳಕ್ಕೆ ಬಡ ಕೂಲಿಯಾಳಿನ ವೇಷದಲ್ಲಿ ತೆರಳಿ, 1711ರ ಜನವರಿ 16ರಂದು ಅಲ್ಲಿನ ಕ್ಯಾಂಡಿಯಲ್ಲಿ ದೇಹತ್ಯಾಗ ಮಾಡಿದರು.

ಅವರು ತೀರಿಕೊಂಡು ಎರಡು ಶತಮಾನಗಳ ನಂತರ, 1938ರಲ್ಲಿ, ಗೋವೆಯ ಗರ್ಭಿಣಿಯೊಬ್ಬರು ಪ್ರಾಣಾಪಾಯಕ್ಕೆ ಸಿಲುಕಿದರು. ಮನೆಯವರು ವಾಜರಿಗೆ ಮೊರೆಯಿಟ್ಟರು. ತಾಯಿಯೂ ಮಗುವೂ ಬದುಕುಳಿದರು. ಆ ಮಗು ಬೆಳೆದು ಪಾದ್ರಿಯಾಯಿತು. ವಾಜರು ದೇವರಲ್ಲಿ ಬೇಡಿದ್ದರಿಂದಲೇ ಇದು ಸಾಧ್ಯವಾಯಿತೆಂಬುದು ಭಕ್ತರ ವಿಶ್ವಾಸ. ಇಂತಹ ಘಟನೆಗಳನ್ನು ಧರ್ಮಸಭೆಯು ವೈದ್ಯರಿಂದಲೂ ದೇವಶಾಸ್ತ್ರಜ್ಞರಿಂದಲೂ ಪರಿಶೀಲಿಸಿದ ಬಳಿಕವೇ ಅಂಗೀಕರಿಸುತ್ತದೆ. ಹೀಗೆ ಅಂಗೀಕೃತವಾದ ಈ ಪವಾಡದ ಆಧಾರದ ಮೇಲೆ 1995ರ ಜನವರಿ 21ರಂದು ಎರಡನೆಯ ಜಾನ್ ಪಾಲ್ ಪೋಪರು ಕೊಲಂಬೊದಲ್ಲಿ ವಾಜರನ್ನು ಪುನೀತರೆಂದು ಸಾರಿದರು. ಎರಡನೆಯ ಪವಾಡವನ್ನು ಅಪೇಕ್ಷಿಸದೆಯೇ ಪೋಪ್ ಫ್ರಾನ್ಸಿಸರು 2015ರ ಜನವರಿ 14ರಂದು ಅದೇ ನಗರದಲ್ಲಿ ಅವರಿಗೆ ಸಂತ ಪದವಿಯನ್ನಿತ್ತರು.

ನಂಬುವುದು, ಬಿಡುವುದು ಅವರವರ ಅಂತರಂಗಕ್ಕೆ ಸೇರಿದ್ದು. ಆದರೆ ವಾಜರ ಜೀವಿತದಲ್ಲಿಯೇ ಇನ್ನೊಂದು ಬಗೆಯ ಆರೋಗ್ಯದಾನ ನಡೆದಿತ್ತು. 1697ರಲ್ಲಿ ಕ್ಯಾಂಡಿಗೆ ಸಿಡುಬು ಹಬ್ಬಿತು. ಜೆನ್ನರನ ಲಸಿಕೆಗೆ ಇನ್ನೂ ಸುಮಾರು ನೂರು ವರ್ಷ ಕಾಯಬೇಕಿತ್ತು. ಅರಸನೂ ಸಿರಿವಂತರೂ ನಗರವನ್ನು ತೊರೆದರು. ರೋಗಿಗಳನ್ನು ಸ್ವಂತ ಬಂಧುಗಳೇ ಕೈಬಿಟ್ಟರು. ವಾಜರೂ ಅವರ ಬಂಧು ಪಾದ್ರಿ ಕಾರ್ವಾಲೊ ಅವರೂ ರೋಗಿಗಳಿಗೆ ಆಶ್ರಯ ಕಲ್ಪಿಸಿ, ಅನ್ನವಿತ್ತು, ಹುಣ್ಣುಗಳನ್ನು ತೊಳೆದು, ಮಡಿದವರನ್ನು ಮಣ್ಣು ಮಾಡಿದರು. ಇವರು ಯಾವ ಧರ್ಮದವರೆಂದು ಕೇಳಲಿಲ್ಲ.

2020ರ ಮಹಾಮಾರಿಯಲ್ಲಿ ನೆರೆಮನೆಯ ಬಾಗಿಲನ್ನು ತಟ್ಟಲೂ ಅಂಜಿದವರು ನಾವು. ಆದುದರಿಂದ ಆ ಧೈರ್ಯದ ಬೆಲೆ ನಮಗೆ ತಿಳಿದಿದೆ. ಪವಾಡವನ್ನು ಪಠ್ಯವಾಗಿ ಬೋಧಿಸಲಾಗದು, ಶುಶ್ರೂಷೆಯನ್ನು ಕಲಿಸಬಹುದು. ಜ್ವರದಿಂದ ಮಲಗಿದ ಸಹಪಾಠಿಯ ಮನೆಗೆ ಆ ದಿನದ ಪಾಠವನ್ನು ಬರೆದು ಒಯ್ಯುವ ಮಗುವಿನಲ್ಲಿ ಆ ಕಲಿಕೆಯ ಮೊದಲ ಅಕ್ಷರವನ್ನು ನಾವು ಕಂಡಿದ್ದೇವೆ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ಈ ಶಾಲೆ ಅದನ್ನು ಮುಂದುವರಿಸಲೆಂದು ಹಾರೈಸುತ್ತೇವೆ.