ತಂಡ ಬಿಟ್ಟ ಮೇಲಿನ ಆಶ್ಲಿ ಹಚಿಂಗ್ಸ್

ಇಂಗ್ಲೆಂಡಿನ ಜನಪದ ರಾಕ್ ಸಂಗೀತದ ಚರಿತ್ರೆಯಲ್ಲಿ ಆಶ್ಲಿ ಹಚಿಂಗ್ಸ್ ಅವರ ಹೆಸರು ಹೆಚ್ಚಾಗಿ ಬರುವುದು ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ಸ್ಥಾಪಕರಲ್ಲೊಬ್ಬರೆಂದು. ಆದರೆ 1967ರಲ್ಲಿ ಕಟ್ಟಿದ ಆ ತಂಡದಲ್ಲಿ ಅವರು ಇದ್ದದ್ದು ಸುಮಾರು ಎರಡೂವರೆ ವರ್ಷ. ಅವರ ಮುಖ್ಯ ಕೆಲಸ ನಡೆದದ್ದು ಅಲ್ಲಿಂದ ಹೊರಬಿದ್ದ ಮೇಲಿನ ಒಂದು ದಶಕದಲ್ಲಿ ಎಂಬುದು ನನ್ನ ವಾದ.

1969ರ ಮೇ 12ರಂದು ತಂಡದ ವ್ಯಾನು ಎಂ1 ಹೆದ್ದಾರಿಯಲ್ಲಿ ಅಪಘಾತಕ್ಕೀಡಾಗಿ ಡ್ರಮ್ ವಾದಕ ಮಾರ್ಟಿನ್ ಲ್ಯಾಂಬಲ್ ಸೇರಿ ಇಬ್ಬರು ತೀರಿಕೊಂಡರು. ಉಳಿದವರು ಆ ಬೇಸಿಗೆಯಲ್ಲಿ ಹ್ಯಾಂಪ್‌ಶೈರಿನ ಹಳ್ಳಿಯೊಂದರಲ್ಲಿ ಮನೆ ಹಿಡಿದು, ಹಳೆಯ ಕಥನಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರಿಗೆ ಒಗ್ಗಿಸಿದರು. ಬಾಸ್ ಗಿಟಾರ್ ನುಡಿಸುತ್ತಿದ್ದ ಹಚಿಂಗ್ಸ್ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ನ ಗ್ರಂಥಾಲಯದಲ್ಲಿ ಹಾಡುಗಳ ಪಾಠಾಂತರಗಳನ್ನು ಹುಡುಕುತ್ತಿದ್ದರು. ಇದರ ಫಲವಾದ ‘ಲೀಜ್ ಅಂಡ್ ಲೀಫ್’ ಆಲ್ಬಂ ಡಿಸೆಂಬರಿನಲ್ಲಿ ಬಿಡುಗಡೆಯಾಗುವ ಹೊತ್ತಿಗೆ ಅವರು ತಂಡ ಬಿಟ್ಟಾಗಿತ್ತು. ಗಾಯಕಿ ಸ್ಯಾಂಡಿ ಡೆನ್ನಿಯೂ ಹೊರನಡೆದಿದ್ದರು. ಆಕೆಗೆ ಸ್ವಂತ ಹಾಡು ಕಟ್ಟುವ ಹಂಬಲ, ಇವರಿಗೆ ಪರಂಪರೆಯ ಇನ್ನಷ್ಟು ಆಳಕ್ಕೆ ಇಳಿಯುವ ಹಂಬಲ.

ಮುಂದೆ ಕಟ್ಟಿದ್ದು ಸ್ಟೀಲೈ ಸ್ಪ್ಯಾನ್. ಮೂರು ಆಲ್ಬಂ ಮುಗಿಸಿ 1971ರಲ್ಲಿ ಅದನ್ನೂ ಬಿಟ್ಟರು. ಆ ತಂಡಕ್ಕೆ ದೊಡ್ಡ ಯಶಸ್ಸು ಸಿಕ್ಕಿದ್ದು ಆಮೇಲೆ. ಇದನ್ನು ಕಂಡು ಹಚಿಂಗ್ಸ್ ಕೈಗೆ ಬಂದ ಅವಕಾಶ ಕಳೆದುಕೊಂಡರು ಎನ್ನುವವರಿದ್ದಾರೆ. ಹಚಿಂಗ್ಸ್ ಏನನ್ನು ಅರಸುತ್ತಿದ್ದರೆಂಬುದನ್ನು ಗಮನಿಸದ ಮಾತು ಅದು.

ಆ ಅರಸುವಿಕೆಗೆ ಸಾಕ್ಷಿ 1972ರ ‘ಮಾರಿಸ್ ಆನ್’ ಆಲ್ಬಂ. ಮಾರಿಸ್ ಎಂದರೆ ಮೊಣಕಾಲಿನ ಕೆಳಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕರವಸ್ತ್ರ ಅಥವಾ ಕೋಲು ಹಿಡಿದು ಕುಣಿಯುವ ಕುಣಿತ. ಕೋಲು ತಾಕಿಸುವ ಬಗೆಯಲ್ಲಿ ನಮ್ಮ ಕೋಲಾಟವನ್ನು ಹೋಲುತ್ತದೆ. 1899ರ ಡಿಸೆಂಬರ್ 26ರಂದು ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್‌ನಲ್ಲಿ ಚಳಿಗಾಲಕ್ಕೆ ಕೆಲಸ ನಿಂತಿದ್ದ ಕಟ್ಟಡ ಕೆಲಸಗಾರರು ನಾಲ್ಕು ಕಾಸಿಗಾಗಿ ಹೀಗೆ ಕುಣಿಯುತ್ತಿದ್ದಾಗ ಜನಪದ ಸಂಗೀತ ಸಂಗ್ರಾಹಕ ಸೆಸಿಲ್ ಶಾರ್ಪ್ ನೋಡಿದರು. ಕನ್ಸರ್ಟಿನಾ ನುಡಿಸುತ್ತಿದ್ದ ವಿಲಿಯಂ ಕಿಂಬರನನ್ನು ಮರುದಿನ ಕರೆಸಿ ಮಟ್ಟುಗಳನ್ನು ಬರೆದುಕೊಂಡರು. ಶಾರ್ಪ್ ಸ್ವರಲಿಪಿಗೆ ಇಳಿಸಿದ ಈ ಪರಂಪರೆಯನ್ನು ಹಚಿಂಗ್ಸ್, ಜಾನ್ ಕರ್ಕ್‌ಪ್ಯಾಟ್ರಿಕ್, ರಿಚರ್ಡ್ ಥಾಂಪ್ಸನ್, ಡೇವ್ ಮ್ಯಾಟಕ್ಸ್ ಮತ್ತು ಬ್ಯಾರಿ ಡ್ರಾನ್ಸ್‌ಫೀಲ್ಡ್ ಡ್ರಮ್ಮು, ಬಾಸ್‌ಗಳೊಡನೆ ಮತ್ತೆ ಕುಣಿತಕ್ಕೆ ತಂದರು. ಜನಪದ ರಾಕ್ ಅಲ್ಲಿಯವರೆಗೆ ಹೆಚ್ಚಾಗಿ ಹಾಡನ್ನೇ ನೆಚ್ಚಿತ್ತು. ಹೆಜ್ಜೆಯೂ ಜನಪದವೆಂದು ಈ ಆಲ್ಬಂ ತೋರಿಸಿತು. 1976ರ ‘ರ್‍ಯಾಟಲ್‌ಬೋನ್ ಅಂಡ್ ಪ್ಲೌಜ್ಯಾಕ್’ ಇನ್ನೂ ಮುಂದೆ ಹೋಗಿ, ವೇಲ್ಸ್ ಗಡಿಸೀಮೆಯ ಮತ್ತು ಪೂರ್ವ ಇಂಗ್ಲೆಂಡಿನ ಕುಣಿತಗಳ ಕುರಿತ ಮಾತನ್ನೂ ಸಂಗೀತದ ಜೊತೆ ಪೋಣಿಸಿತು.

ಇದೇ ದಾರಿ ಅವರನ್ನು ರಂಗಭೂಮಿಗೂ ಒಯ್ದಿತು. ಫ್ಲೋರಾ ಥಾಂಪ್ಸನ್ನರ ಹಳ್ಳಿಯ ನೆನಪುಗಳನ್ನು ಕೀತ್ ಡ್ಯೂಹರ್ಸ್ಟ್ ನಾಟಕವಾಗಿಸಿದ ‘ಲಾರ್ಕ್ ರೈಸ್’ 1978ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಪ್ರದರ್ಶನಗೊಂಡಿತು. ಪ್ರೇಕ್ಷಕರು ನಟರ ನಡುವೆಯೇ ಓಡಾಡಿಕೊಂಡು ನೋಡುವ ಏರ್ಪಾಡು. ಸುಗ್ಗಿಯ ಮೊದಲ ದಿನದ ಕಥೆಗೆ ಹಚಿಂಗ್ಸ್ ಅವರ ಆಲ್ಬಿಯನ್ ಬ್ಯಾಂಡ್ ಸಂಗೀತ ಕೊಟ್ಟಿತು. ಗ್ರಂಥಾಲಯದ ಹಾಳೆಗಳಿಂದ ಹೊರಟ ಹುಡುಕಾಟ ಇಲ್ಲಿ ಮತ್ತೆ ಜನರ ಗುಂಪನ್ನು ಸೇರಿತ್ತು.

ಹಚಿಂಗ್ಸ್ ಅವರನ್ನು ಅಳೆಯಲು ‘ಲೀಜ್ ಅಂಡ್ ಲೀಫ್’ ಒಂದೇ ಸಾಲದು. ‘ಮಾರಿಸ್ ಆನ್’ ಕೇಳದೆ ಬರೆದ ಅವರ ಚರಿತ್ರೆ ಅಪೂರ್ಣ.