ಉಮೇದುವಾರನಿಂದ ಅಪ್ರೆಂಟಿಸ್‌ವರೆಗೆ: ಮೊದಲ ಕೆಲಸದ ಚರಿತ್ರೆ



ಉದ್ಯೋಗ ಪ್ರಕಟಣೆಗಳಲ್ಲಿ 'ಅನುಭವವುಳ್ಳವರಿಗೆ ಆದ್ಯತೆ' ಎಂಬ ಸಾಲನ್ನು ನೀವು ಓದಿರುತ್ತೀರಿ. ಆಗತಾನೇ ಓದು ಮುಗಿಸಿದವರಿಗೆ ಈ ಸಾಲು ದೊಡ್ಡ ತೊಡಕು. ಕೆಲಸ ಸಿಗದೆ ಅನುಭವ ಬರುವುದಿಲ್ಲ, ಅನುಭವ ಬರದೆ ಕೆಲಸ ಸಿಗುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯಂತೆ!

ಈ ತೊಡಕು ಇಂದು ನಿನ್ನೆಯದಲ್ಲ. ಯಾವ ಕಾಲದಲ್ಲೂ ಹೊಸಬನು ಕಲಿತೇ ಕೆಲಸಗಾರನಾಗಬೇಕು. ಹಾಗಾದರೆ ಕಲಿಯುವ ದಿನಗಳಲ್ಲಿ ಅವನ ಅನ್ನದ ಖರ್ಚನ್ನು ಯಾರು ಹೊರಬೇಕು? ಮೊದಲ ಕೆಲಸದ ಚರಿತ್ರೆಯೆಂದರೆ ಈ ಪ್ರಶ್ನೆಗೆ ಬೇರೆ ಬೇರೆ ಕಾಲದವರು ಕೊಟ್ಟ ಉತ್ತರಗಳ ಚರಿತ್ರೆ.

ಮನೆಯೇ ಕಾರ್ಖಾನೆ

ನಮ್ಮ ನಾಡಿನ ಕುಂಬಾರ, ಕಮ್ಮಾರ, ನೇಕಾರರ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಮಗು ತಂದೆಯ ಪಕ್ಕದಲ್ಲಿ ಕುಳಿತು ಕಸುಬು ಕಲಿಯುತ್ತಿತ್ತು, ಅದೇ ಮನೆಯಲ್ಲಿ ಉಣ್ಣುತ್ತಿತ್ತು. ಆದರೆ ಕೆಲಸವು ಹುಟ್ಟಿನೊಡನೆ ಬೆಸೆದುಕೊಂಡಿತ್ತು. ಬೇರೆ ಕಸುಬಿನ ಬಾಗಿಲು ಬೇರೆ ಜಾತಿಯ ಮಗುವಿಗೆ ತೆರೆಯುವುದು ಅಪರೂಪವಾಗಿತ್ತು.

ಇಂಗ್ಲೆಂಡಿನಲ್ಲಿ ಇದಕ್ಕೆ ಕಾಯಿದೆಯ ರೂಪವಿತ್ತು. ಅಲ್ಲಿ 1563ರಲ್ಲಿ ಬಂದ ಶಾಸನದ ಪ್ರಕಾರ, ಕಸುಬು ನಡೆಸಬೇಕೆನ್ನುವವನು ಕನಿಷ್ಠ ಏಳು ವರ್ಷ ಒಬ್ಬ ಯಜಮಾನನ ಬಳಿ ಶಿಷ್ಯನಾಗಿರಬೇಕಿತ್ತು. ಯಜಮಾನನು ಊಟ, ವಸತಿ ಕೊಟ್ಟು ಕಸುಬು ಕಲಿಸುತ್ತಿದ್ದನು. ಒಳ್ಳೆಯ ಕಸುಬಾದರೆ ಹುಡುಗನ ಮನೆಯವರು ಮುಂಗಡವಾಗಿ ಹಣ ಕಟ್ಟಬೇಕಾಗುತ್ತಿತ್ತು. ಯಂತ್ರಗಳು ಬಂದ ಮೇಲೆ ಈ ಏಳು ವರ್ಷದ ಕಡ್ಡಾಯ 1814ರಲ್ಲಿ ರದ್ದಾಯಿತು.

ಕಚೇರಿಯ ಉಮೇದುವಾರ

ಇನ್ನು ನಮ್ಮ ಕಚೇರಿಗಳ ಕಡೆ ನೋಡಿ. 'ಉಮೇದುವಾರ' ಎಂಬ ಮಾತನ್ನು ನೀವು ಚುನಾವಣೆಯ ಸಂದರ್ಭದಲ್ಲಿ ಕೇಳಿರಬಹುದು. ನಾವು 'ಉಮೇದು' ಎಂದರೆ ಉತ್ಸಾಹ ಎನ್ನುತ್ತೇವೆ. ಮೂಲ ಪಾರಸಿಯಲ್ಲಿ ಅದರ ಅರ್ಥ ಆಸೆ, ಭರವಸೆ. ಬ್ರಿಟಿಷರ ಕಾಲದ ಕಚೇರಿಗಳಲ್ಲಿ ಉಮೇದುವಾರನೆಂದರೆ ನೌಕರಿಯ ಆಸೆಯಿಂದ ಕಾದು ಕುಳಿತವನು. ಅವನು ಸಂಬಳವಿಲ್ಲದೆ ಕಾಗದಪತ್ರಗಳ ನಕಲು ಮಾಡುತ್ತ, ಲೆಕ್ಕ ಬರೆಯುತ್ತ, ಜಾಗ ಖಾಲಿಯಾಗುವ ದಿನಕ್ಕಾಗಿ ಕಾಯುತ್ತಿದ್ದನು.

ಅನುಭವವೇನೋ ಬರುತ್ತಿತ್ತು. ಆದರೆ ಸಂಬಳವಿಲ್ಲದೆ ವರ್ಷಗಟ್ಟಲೆ ಕಾಯುವ ಶಕ್ತಿ ಯಾರಿಗಿತ್ತು? ಮನೆಯಲ್ಲಿ ಜಮೀನೋ ಸಂಬಳ ತರುವ ಹಿರಿಯರೋ ಇದ್ದವನಿಗೆ ಮಾತ್ರ. ಕಚೇರಿಯಲ್ಲಿ ಬಂಧುವೊಬ್ಬನಿದ್ದರೆ ಕುಳಿತುಕೊಳ್ಳಲು ಜಾಗ ಸಿಗುವುದೂ ಸುಲಭ. ಕೂಲಿಯವನ ಮಗ ಎಷ್ಟೇ ಜಾಣನಾದರೂ ಆ ಚಾಪೆಯ ಮೇಲೆ ಕೂರುವಂತಿರಲಿಲ್ಲ.

ಪರೀಕ್ಷೆ ಎಂಬ ಹೊಸ ಬಾಗಿಲು

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ಪರ್ಧಾ ಪರೀಕ್ಷೆ ಬಂದಿತು. ಭಾರತದ ಸಿವಿಲ್ ಸರ್ವಿಸಿಗೆ ಮೊದಲ ಪರೀಕ್ಷೆ ನಡೆದದ್ದು 1855ರಲ್ಲಿ, ಅದೂ ಲಂಡನ್ನಿನಲ್ಲಿ. ಮೈಸೂರು ಸಂಸ್ಥಾನದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. ಪರೀಕ್ಷೆ ಅನುಭವವನ್ನು ಕೇಳುವುದಿಲ್ಲ, ಕಲಿಯುವ ಯೋಗ್ಯತೆ ಇದೆಯೇ ಎಂದು ಕೇಳುತ್ತದೆ. ಇದು ದೊಡ್ಡ ಬದಲಾವಣೆ.

ಎಂ. ವಿಶ್ವೇಶ್ವರಯ್ಯನವರ ಜೀವನವನ್ನೇ ನೋಡಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವರು ಮನೆಪಾಠ ಹೇಳಿ ಖರ್ಚು ತೂಗಿಸಿದರು. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಿತು. ಆ ಬಲದ ಮೇಲೆ ಮುಂಬಯಿ ಸರ್ಕಾರ 1884ರಲ್ಲಿ ಅವರನ್ನು ಅಸಿಸ್ಟೆಂಟ್ ಎಂಜಿನಿಯರ್ ಆಗಿ ನೇಮಿಸಿತು. ವಿದ್ಯಾರ್ಥಿವೇತನವಿಲ್ಲದಿದ್ದರೆ ಆ ಪರೀಕ್ಷೆಯವರೆಗೆ ತಲುಪುವುದೇ ಕಷ್ಟವಿತ್ತು ಎಂಬುದನ್ನು ಗಮನಿಸಿ.

ಪರೀಕ್ಷೆಯಲ್ಲಿ ತೇರ್ಗಡೆಯಾಗದವರ ಗತಿಯೇನು? ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಎಫ್.ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿದ್ದರು. ಕೆಲಸ ಕೇಳಲು ಹೋದಾಗ ಅವರ ಕೈಯಲ್ಲಿದ್ದುದು ತಮ್ಮ ಗಣಿತದ ನೋಟುಪುಸ್ತಕಗಳು. ಅವುಗಳನ್ನು ನೋಡಿದ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಕೆಲಕಾಲ ತಿಂಗಳಿಗೆ 25 ರೂಪಾಯಿ ಕೊಟ್ಟು ನೆರವಾದರು. 1912ರಲ್ಲಿ ಮದರಾಸಿನ ಪೋರ್ಟ್ ಟ್ರಸ್ಟಿನಲ್ಲಿ 30 ರೂಪಾಯಿ ಸಂಬಳದ ಗುಮಾಸ್ತೆ ಕೆಲಸ ದೊರೆಯಿತು. ಮಾಡಿದ ಕೆಲಸವೇ ಅವರ ಪರವಾಗಿ ಸಾಕ್ಷಿ ನುಡಿಯಿತು. ಆದರೆ ಎಲ್ಲರಿಗೂ ಒಬ್ಬ ರಾಮಚಂದ್ರ ರಾವ್ ಸಿಗುವುದಿಲ್ಲವಲ್ಲ!

ಬಾಗಿಲು ತೆರೆದರೆ ಸಾಕೇ?

ಪರೀಕ್ಷೆಯ ಬಾಗಿಲು ಎಲ್ಲರಿಗೂ ತೆರೆದಿದ್ದರೂ, ಮೊದಲೇ ಇಂಗ್ಲಿಷ್ ವಿದ್ಯೆ ಪಡೆದ ಸಮುದಾಯದವರೇ ಹೆಚ್ಚಾಗಿ ಒಳಗೆ ಬಂದರು. ಇದನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ 1918ರಲ್ಲಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗುವಂತಾಗಬೇಕೆಂದು ಸಮಿತಿ ಸಲಹೆ ಮಾಡಿತು. ಓದುವ ಹುಡುಗರಿಗೆ ವಿದ್ಯಾರ್ಥಿವೇತನವೂ ಬೇಕೆಂದಿತು. ಕಲಿಕೆಯ ಖರ್ಚನ್ನು ಸಮಾಜವೇ ಹೊರಬೇಕೆಂಬ ವಿಚಾರ ಹೀಗೆ ಬೇರೂರಿತು.

ಕಾರ್ಖಾನೆಗಳ ಕಾಲ

ಬೆಂಗಳೂರಿಗೆ 1940ರಲ್ಲಿ ವಿಮಾನ ಕಾರ್ಖಾನೆ ಬಂದಿತು. 1948ರಲ್ಲಿ ದೂರವಾಣಿ, 1953ರಲ್ಲಿ ಯಂತ್ರೋಪಕರಣ, 1954ರಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳು ಬಂದವು. ದೂರವಾಣಿ ಯಂತ್ರ ಜೋಡಿಸಿ ಅನುಭವವಿದ್ದವರು ಆಗ ನಮ್ಮಲ್ಲಿ ಎಲ್ಲಿಂದ ಬರಬೇಕು? ಹೊಸಬರಿಗೇ ತರಬೇತಿ ಕೊಟ್ಟು ಕೆಲಸಕ್ಕೆ ಹಚ್ಚುವುದು ಅನಿವಾರ್ಯವಾಯಿತು. ಅನುಭವಿಗಳು ಇಲ್ಲದ ಕಡೆ ಅನುಭವವನ್ನು ಯಾರೂ ಕೇಳುವಂತಿರಲಿಲ್ಲ.

ಇದೇ ಕಾಲದಲ್ಲಿ, 1961ರಲ್ಲಿ, ಅಪ್ರೆಂಟಿಸ್ ಕಾಯಿದೆ ಬಂದಿತು. ಗೊತ್ತುಪಡಿಸಿದ ಸಂಸ್ಥೆಗಳು ಹೊಸಬರನ್ನು ತೆಗೆದುಕೊಂಡು ಕಲಿಸಬೇಕು, ಕಲಿಯುವಾಗ ಸ್ಟೈಪೆಂಡ್ ಕೊಡಬೇಕು ಎಂದು ವಿಧಿಸಿತು. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾ ಪಡೆದವರೂ ಇದರೊಳಗೆ ಬಂದರು. ತರಬೇತಿ ಮುಗಿಸಿದವನಿಗೆ ಕೆಲಸ ಕೊಡಲೇಬೇಕೆಂದು ಕಾಯಿದೆ ಹೇಳುವುದಿಲ್ಲ. ಆದರೆ ಬೇರೆಲ್ಲ ಅರ್ಹತೆಗಳು ಸಮನಾಗಿದ್ದರೆ ತರಬೇತಿ ಪಡೆದವನಿಗೆ ಆದ್ಯತೆ ಇರಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ತೀರ್ಪು ನೀಡಿತು.

ಉಮೇದುವಾರನಿಗೂ ಅಪ್ರೆಂಟಿಸನಿಗೂ ಇರುವ ಅಂತರ ಈಗ ನಿಮಗೆ ತಿಳಿದಿರಬೇಕು. ಒಬ್ಬನು ಆಸೆಯಿಂದ ಬಿಟ್ಟಿ ದುಡಿದನು. ಇನ್ನೊಬ್ಬನಿಗೆ ಒಪ್ಪಂದವಿದೆ, ಅವಧಿಯಿದೆ, ಸ್ಟೈಪೆಂಡ್ ಇದೆ, ಕೊನೆಗೆ ಪ್ರಮಾಣಪತ್ರವಿದೆ. ನಾಳೆ ನಿಮ್ಮನ್ನು ಯಾರಾದರೂ 'ಅನುಭವಕ್ಕಾಗಿ ಸುಮ್ಮನೆ ಬಂದು ಕೆಲಸ ಮಾಡಿ' ಎಂದು ಕರೆದರೆ ಈ ನಾಲ್ಕನ್ನೂ ವಿಚಾರಿಸಿ. ಕೇಳಲು ಸಂಕೋಚ ಬೇಡ. ಈ ನಾಲ್ಕು ಮಾತುಗಳು ಕಾಯಿದೆಯ ಪುಟಕ್ಕೆ ಬರಲು ಬಹಳ ಕಾಲ ಹಿಡಿಯಿತು.

ಚರ್ಚೆಗೆ:
1. ನಿಮ್ಮ ಮನೆಯ ಹಿರಿಯರಿಗೆ ಮೊದಲ ಕೆಲಸ ಹೇಗೆ ಸಿಕ್ಕಿತು? ಕಲಿಯುವ ದಿನಗಳ ಖರ್ಚನ್ನು ಯಾರು ಹೊತ್ತರು?
2. ಇಂದಿನ ಯಾವ ಕೆಲಸಗಳಲ್ಲಿ ಉಮೇದುವಾರರು ಇನ್ನೂ ಇದ್ದಾರೆ?