ಆಯಿಯ ಆಕಳು, ಹತ್ತಿಕಾಳು ಮತ್ತು ಒಂದು ಅನುಮಾನ

ಗೋಪನಕೊಪ್ಪ ಈಗ ಹುಬ್ಬಳ್ಳಿಯ ಒಂದು ಬಡಾವಣೆ. ಹೆಸರಿನಲ್ಲಿ ಮಾತ್ರ ಗೋಪ ಉಳಿದಿದ್ದಾನೆ. ನಾನು ಸಣ್ಣವನಿದ್ದಾಗ ನಮ್ಮ ಆಯಿ ಅಲ್ಲಿ ಒಂದು ಮಿಶ್ರತಳಿ ಆಕಳು ಕಟ್ಟಿದ್ದಳು. ಹಾಲು ಹಾಕಲು ಹೋಗುವಾಗ ನಾನೂ ಬೆನ್ನು ಹತ್ತುತ್ತಿದ್ದೆ. ಒಂದು ಬ್ಯಾಸಗಿಯಲ್ಲಿ ಹಾಲು ಅಳೆಯುವವ ನಾಲ್ಕು ಮಂದಿಯ ಮುಂದೆ ಕೇಳಿಯೇಬಿಟ್ಟ: "ಯಮ್ಮಾ, ಡಿಗ್ರಿ ಸರಿ ಐತಿ, ಫ್ಯಾಟ್ ಬರವಲ್ದು. ಕೆನಿ ತಗದು ನೀರ ಹಾಕೀರೇನು?"

ಆಯಿ ಮಾತಾಡಲಿಲ್ಲ. ಖಾಲಿ ಕ್ಯಾನು ಹಿಡಿದು ಮನೆಗೆ ಬಂದವಳು ಮತ್ತೆ ಅಲ್ಲಿಗೆ ಹಾಲು ಹಾಕಲೇ ಇಲ್ಲ. ಆಕೆ ಹೋಗಿ ಬಹಳ ವರ್ಷವಾಯಿತು. ಆ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಅದಕ್ಕೇ ಈ ಬರಹ.

ಮೊದಲು ಆತನ ಅನುಮಾನ ಎಲ್ಲಿಂದ ಬಂತು ನೋಡೋಣ. ಲ್ಯಾಕ್ಟೋಮೀಟರ್ ಅಳೆಯುವುದು ಹಾಲಿನ ಸಾಂದ್ರತೆಯನ್ನು. ನೀರು ಹಾಕಿದರೆ ಡಿಗ್ರಿ ಇಳಿಯುತ್ತದೆ. ಕೆನೆ ತೆಗೆದರೆ ಏರುತ್ತದೆ, ಯಾಕಂದ್ರೆ ಕೊಬ್ಬು ನೀರಿಗಿಂತ ಹಗುರ. ಎರಡನ್ನೂ ಲೆಕ್ಕಹಾಕಿ ಮಾಡಿದರೆ ಡಿಗ್ರಿ ಎಲ್ಲಿತ್ತೋ ಅಲ್ಲೇ! ಈ ಹಳೇ ಕಳ್ಳಾಟಕ್ಕೆ ಲಗಾಮು ಹಾಕಿದ್ದು 1890ರಲ್ಲಿ ಅಮೆರಿಕದ ಬ್ಯಾಬ್‌ಕಾಕ್, ಅದರ ಬೆನ್ನಿಗೇ ಸ್ವಿಟ್ಜರ್‌ಲೆಂಡಿನ ಗರ್ಬರ್. ಹಾಲಿಗೆ ಗಂಧಕಾಮ್ಲ ಹಾಕಿ ಗಿರಗಿರ ತಿರುಗಿಸಿದರೆ ಕೊಬ್ಬು ಬೇರೆಯಾಗಿ ನಳಿಗೆಯ ಕತ್ತಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಫ್ಯಾಟ್ ನೋಡಿ ದುಡ್ಡು ಕೊಡುವುದು ಶುರುವಾಯಿತು. ಆದರೆ ಈ ನಳಿಗೆ ಕೊಬ್ಬು ಎಷ್ಟಿದೆ ಅಂತ ಹೇಳುತ್ತದೆ, ಯಾಕೆ ಕಡಿಮೆ ಆಯಿತು ಅಂತ ಹೇಳುವುದಿಲ್ಲ.

ಯಾಕೆ ಅನ್ನುವುದು ಆಕಳ ಹೊಟ್ಟೆಯೊಳಗಿದೆ. ಜೋಳದ ಕಣಿಕಿ, ಹುಲ್ಲಿನಂಥ ನಾರಿನ ಮೇವು ಮೊದಲ ಹೊಟ್ಟೆಯಲ್ಲಿ ಹುದುಗಿ ಅಸಿಟೇಟ್ ಆಗುತ್ತದೆ. ಕೆಚ್ಚಲು ಅದರಿಂದ ಹಾಲಿನ ಸಣ್ಣ ಸರಪಳಿಯ ಕೊಬ್ಬಿನಾಮ್ಲಗಳನ್ನು ಕಟ್ಟುತ್ತದೆ. ಉದ್ದ ಸರಪಳಿಯವು ಬರುವುದು ತಿಂದ ಎಣ್ಣೆಯಿಂದ ಮತ್ತು ಮೈಮೇಲಿನ ಕೊಬ್ಬಿನಿಂದ. ಕಣಿಕಿ ಕಡಿಮೆ ಮಾಡಿ ಹಿಟ್ಟು, ನುಚ್ಚು ಹೆಚ್ಚು ಹಾಕಿದರೆ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಆಗ ಹುಟ್ಟುವ ಕೆಲವು ವಿಚಿತ್ರ ಕೊಬ್ಬಿನಾಮ್ಲಗಳು ಕೆಚ್ಚಲಿನ ಕೊಬ್ಬು ತಯಾರಿಕೆಗೇ ತಡೆ ಹಾಕುತ್ತವೆ. ಹಾಲಿನ ಅಳತೆ ಇಳಿಯುವುದಿಲ್ಲ, ಫ್ಯಾಟ್ ಮಾತ್ರ ಕುಸಿಯುತ್ತದೆ.

ಆ ಬ್ಯಾಸಗಿಯಲ್ಲಿ ನಮ್ಮ ಬಣವಿ ಖಾಲಿಯಾಗಿತ್ತು. ಆಯಿ ಆಕಳು ಸೊರಗಬಾರದು ಅಂತ ಗೋವಿನಜೋಳದ ಹಿಟ್ಟನ್ನೇ ಬುಟ್ಟಿಗಟ್ಟಲೆ ಕಲಸಿ ಇಡುತ್ತಿದ್ದಳು. ಪ್ರೀತಿಯೇ ಮುಳುವಾಯಿತು ನೋಡಿ.

ಮೇವಿನಿಂದ ಪ್ರಾಮಾಣಿಕರು ಅನುಮಾನಕ್ಕೆ ಸಿಕ್ಕ ಇನ್ನೊಂದು ಕಥೆ ನಮ್ಮ ಸೀಮೆಯಂಥ ನೆಲದ್ದೇ. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಲ್ಲಿ ಅಮೆರಿಕದ ಹತ್ತಿ ಬೇರೂರಿತು, ಹುಬ್ಬಳ್ಳಿ ದೊಡ್ಡ ಹತ್ತಿಪ್ಯಾಟಿ ಆಯಿತು. ಹತ್ತಿ ಇದ್ದಲ್ಲಿ ದನಕ್ಕೆ ಹತ್ತಿಕಾಳು. ಅದರ ಎಣ್ಣೆಯ ಉದ್ದ ಸರಪಳಿಗಳು ಹಾಲಿಗೆ ಇಳಿದು ಬೆಣ್ಣೆ ಗಟ್ಟಿಯಾಗುತ್ತದೆ, ಸಣ್ಣ ಸರಪಳಿಯವುಗಳ ಪಾಲು ಕುಗ್ಗುತ್ತದೆ. ತುಪ್ಪದ ಕಲಬೆರಕೆ ಹಿಡಿಯುವ ರೀಚರ್ಟ್-ಮೈಸೆಲ್ ಪರೀಕ್ಷೆ ಅಳೆಯುವುದು ಈ ಸಣ್ಣವುಗಳನ್ನೇ! ಹಾಗಾಗಿ ಹತ್ತಿಕಾಳು ತಿಂದ ಆಕಳ ಅಪ್ಪಟ ತುಪ್ಪವೂ ಡಾಲ್ಡಾ ಬೆರೆಸಿದ್ದರಂತೆ ಕಾಣಬಹುದು. ಇದನ್ನು ಅರಿತೇ ನಮ್ಮ ಕಲಬೆರಕೆ ನಿಯಮಗಳು ಹತ್ತಿ ಸೀಮೆಗಳ ತುಪ್ಪಕ್ಕೆ ಬೇರೆ ಮಿತಿ ಇಟ್ಟವು. ಕಾನೂನಿಗೆ ಅರ್ಥವಾದದ್ದು ಹಾಲು ಅಳೆಯುವವನಿಗೆ ಯಾರೂ ಹೇಳಿರಲಿಲ್ಲ.

ಇನ್ನು ರಕ್ತದ ಮಾತು. 1939ರಲ್ಲಿ ಮೈಸೂರಿನ ಅರಮನೆ ಡೇರಿಯಲ್ಲಿ ಡಾ. ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಆಕಳುಗಳಿಗೆ ಹೋಲ್‌ಸ್ಟೀನ್ ಫ್ರೀಜಿಯನ್ ಹೋರಿಯ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿದರು. ಭಾರತದಲ್ಲಿ ಅದೇ ಮೊದಲು. ಮುಂದೆ ಕ್ಷೀರಕ್ರಾಂತಿಯ ಕಾಲಕ್ಕೆ ಎಚ್‌ಎಫ್, ಜೆರ್ಸಿ ಮಿಶ್ರತಳಿ ಹಳ್ಳಿಹಳ್ಳಿಗೆ ಬಂದವು. ಎಚ್‌ಎಫ್ ಹಾಲು ಹೆಚ್ಚು, ಫ್ಯಾಟ್ ಸುಮಾರು ಮೂರೂವರೆ. ಜೆರ್ಸಿ ಐದರ ಹತ್ತಿರ. 2002ರಲ್ಲಿ ಬೆಲ್ಜಿಯಂನ ಮಿಷೆಲ್ ಜಾರ್ಜ್ ಅವರ ತಂಡ ಇದರ ಒಂದು ಕೀಲಿಯನ್ನು ತೋರಿಸಿತು: 14ನೇ ವರ್ಣತಂತುವಿನ ಡಿಜಿಎಟಿ1 ಎಂಬ ಜೀನು. ಅದರ ಒಂದು ರೂಪ ಇದ್ದರೆ ಫ್ಯಾಟ್ ಹೆಚ್ಚು, ಹಾಲು ತುಸು ಕಡಿಮೆ. ಇನ್ನೊಂದಿದ್ದರೆ ಇದರ ಉಲ್ಟಾ. ನಮ್ಮ ಜವಾರಿ ಗೂಳಿ-ಆಕಳುಗಳಲ್ಲಿ ಹೆಚ್ಚಾಗಿ ಇರುವುದು ಫ್ಯಾಟಿನ ರೂಪವೇ. ಎಮ್ಮೆಯ ಮಾತಂತೂ ಬೇರೆಯೇ. 2021ರಲ್ಲಿ ರಾಷ್ಟ್ರೀಯ ತಳಿಪಟ್ಟಿ ಸೇರಿದ ನಮ್ಮ ಧಾರವಾಡಿ ಎಮ್ಮೆಯ ಹಾಲಿನ ಫ್ಯಾಟ್ ಸುಮಾರು ಏಳು. ಪೇಡೆಯ ರುಚಿ ಸುಮ್ಮನೆ ಬಂದದ್ದಲ್ಲ!

ಅಂದರೆ ಆಯಿಯ ಆಕಳು ಹುಟ್ಟಿನಿಂದಲೇ ತೆಳು ಹಾಲಿನದು, ಮೇಲೆ ಕಣಿಕಿ ಇಲ್ಲದ ಬ್ಯಾಸಗಿ. ಆ ಹಾಲಿನಲ್ಲಿ ಹನಿ ನೀರೂ ಇರಲಿಲ್ಲ ಅಂತ ನಾನು ನಂಬಿದ್ದೆ. ಈಗ ಯಾಕೆ ಅಂತಲೂ ಗೊತ್ತು. ಅಂದು ಆ ಮನುಷ್ಯ "ಏನ್ ಮೇವು ಹಾಕ್ತೀರಿ ಯಮ್ಮಾ?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು.

ನಿಮ್ಮ ಮನೆಯಲ್ಲೂ ದನ ಕಟ್ಟಿದವರಿದ್ದರೆ ಕೇಳಿ ನೋಡಿ, ಇಂಥದ್ದೊಂದು ಕಥೆ ಇದ್ದೇ ಇರುತ್ತದೆ. ಬರೀರಿ, ಓದೋಣ.